ಹುಚ್ಚೇಶ ತಿರುಗಿಸಿದ ಕಥೆ

ಇಳಕಲ್ಲಿನ ನೇಕಾರ ಹುಚ್ಚೇಶನಿಗೆ ಇಂಗ್ಲಿಷಿನ ಗಂಧಗಾಳಿಯೂ ಇರಲಿಲ್ಲ. ಆದರೂ ವಿಡಿಯೊ ಹಾಲಿನಲ್ಲಿ ಇಂಗ್ಲಿಷ್ ಪಿಕ್ಚರ್ ಹಾಕಿದ ದಿನ ಅವನೇ ಬೇಕು. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವವನು, ಸಂಜೆ ಟಿವಿ ಪಕ್ಕ ನಿಂತು ಪರದೇಶದವರ ಬಾಯಲ್ಲಿ ಇಳಕಲ್ಲಿನ ಮಾತು ಆಡಿಸುತ್ತಿದ್ದ. ತಿಳಿಯದ್ದನ್ನು ಹುಟ್ಟಿಸಿಕೊಂಡು ಹೇಳುತ್ತಿದ್ದ. ಜನಕ್ಕೆ ಅದೇ ಹೆಚ್ಚು ಸೇರುತ್ತಿತ್ತು.

ತೊಂಬತ್ತೊಂಬತ್ತರಲ್ಲಿ ಮಾಫಿಯಾದವರ ಪಿಕ್ಚರೊಂದು ಬಂತು. ಮೊದಲೇ ಒಮ್ಮೆ ನೋಡಿದ್ದರಿಂದ ಅದರ ಕಡೆಯ ಸೀನ್ ಅವನಿಗೆ ಗೊತ್ತಿತ್ತು. ಗ್ಯಾಂಗಿನಲ್ಲೇ ಬೆಳೆದವನೊಬ್ಬ ಸಿಕ್ಕಿಬಿದ್ದು, ಕೋರ್ಟಿನಲ್ಲಿ ತನ್ನ ಧಣಿಗಳತ್ತ ಬೆರಳು ಮಾಡಿ ತಾನು ಪಾರಾಗುತ್ತಾನೆ. ಇಷ್ಟು ತಿಳಿಯಲು ಇಂಗ್ಲಿಷೇನೂ ಬೇಕಿರಲಿಲ್ಲ.

ಆ ಸಂಜೆ ಮುಂದಿನ ಖುರ್ಚಿಗೆ ಕಾಳಪ್ಪ ಬಂದು ಕೂತ. ಊರಿನ ಮಟಕಾ ದಂಧೆಯೆಲ್ಲ ಅವನದು. ಅವನ ಸುದ್ದಿ ಪೊಲೀಸರಿಗೆ ಮುಟ್ಟಿಸಿದವರ ಕೈಕಾಲು ನೆಟ್ಟಗೆ ಉಳಿದದ್ದಿಲ್ಲ. ಅವನ ಹಿಂದಿನ ಖುರ್ಚಿಯಲ್ಲಿ ಅವನ ಜೀಪು ಓಡಿಸುವ ಸಂಜು, ಹುಚ್ಚೇಶನ ಸ್ವಂತ ತಮ್ಮ. ಮಗ್ಗ ಬಿಟ್ಟು ಜೀಪು ಹತ್ತಿದ ಅವನನ್ನು ಅಣ್ಣ ಬೈದು, ಬೇಡಿಕೊಂಡು, ಸೋತಿದ್ದ.

ಕೋರ್ಟಿನ ಸೀನ್ ಬಂತು. ಟಿವಿಯಲ್ಲಿ ಬೆರಳು ಎದ್ದಿತು. ಹುಚ್ಚೇಶ ಕಾಳಪ್ಪನ ಮುಖ ನೋಡಿದ; ಬಾಯಲ್ಲಿ ಕಥೆ ತಾನೇ ತಿರುಗಿತು.

“ಇವರನ್ನ ನಾ ನೋಡೇ ಇಲ್ರಿ ಸಾಹೇಬ್ರ, ಅಂತಾನ. ಜೇಲಿಗಿ ಹೋದ, ಆದ್ರ ಧಣಿ ಹೆಸರು ಹೇಳ್ಲಿಲ್ಲ.”

ಕಾಳಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ. ಸಂಜುವಿನ ಕಣ್ಣಲ್ಲಿ ನೀರಿತ್ತು. ಹುಚ್ಚೇಶ ಅದನ್ನು ಕಂಡೂ, ಸದ್ಯ ಬದುಕಿದೆ ಎಂದುಕೊಂಡು ಮನೆಗೆ ಹೋದ. ಹೆದರಿದವನ ಬುದ್ಧಿ ಎಷ್ಟು ಚುರುಕು ನೋಡಿ.

ಎರಡು ವರ್ಷದ ಮೇಲೆ ಕಮತಗಿ ದಾರಿಯಲ್ಲಿ ಒಬ್ಬನ ಕೊಲೆಯಾಯಿತು. ಮಾಡಿಸಿದವನು ಕಾಳಪ್ಪ; ಸಿಕ್ಕಿಬಿದ್ದವನು ಜೀಪಿನಲ್ಲಿದ್ದ ಸಂಜು. ಇದ್ದದ್ದು ಇದ್ದ ಹಾಗೆ ಹೇಳಿ ಮಾಫಿ ಸಾಕ್ಷಿಯಾದರೆ ಬಿಡುಗಡೆ ಮಾಡಿಸಬಹುದು ಎಂದು ವಕೀಲರು ಹೇಳಿದರು. ಹುಚ್ಚೇಶ ಹಾಗೇ ಮಾಡೆಂದು ಬೇಡಿಕೊಂಡ, ತಮ್ಮನ ಕಾಲು ಹಿಡಿಯುವುದೊಂದು ಬಾಕಿ. ಬಾಗಲಕೋಟೆಯ ಕೋರ್ಟಿನಲ್ಲಿ ಕಾಳಪ್ಪನನ್ನು ತೋರಿಸಿ ಕೇಳಿದಾಗ ಸಂಜು ಎದೆ ಉಬ್ಬಿಸಿ ನಿಂತ.

“ಇವರನ್ನ ನಾ ನೋಡೇ ಇಲ್ರಿ ಸಾಹೇಬ್ರ.”

ಅಕ್ಷರಕ್ಕೆ ಅಕ್ಷರ ಅಣ್ಣನ ಮಾತು. ಹಿಂದಿನ ಬೆಂಚಿನಲ್ಲಿದ್ದ ಹುಚ್ಚೇಶ ಕೂಗಲೆಂದು ಅರ್ಧ ಎದ್ದವನು, ಕಾಳಪ್ಪನ ಮುಖ ಕಂಡು ಮತ್ತೆ ಕೂತ. ಕಾಳಪ್ಪ ಹಾರ ಹಾಕಿಸಿಕೊಂಡು ಊರಿಗೆ ಬಂದ, ಸಂಜು ಬಿಜಾಪುರದ ಜೇಲಿಗೆ ಹೋದ. ಆ ಸಿಟ್ಟಿಗೆ, ಆ ಸಂಕಟಕ್ಕೆ, ಹುಚ್ಚೇಶ ತಮ್ಮನ ಮಗ್ಗ ಬಿಚ್ಚಿಹಾಕಿ ಅದರ ಕುಣಿಗೆ ಮಣ್ಣು ತುಂಬಿದ.

ಕಾಳಪ್ಪ ಜೇಲಿನ ಕಡೆ ತಲೆಹಾಕಿಯೂ ಮಲಗಲಿಲ್ಲ. ವರ್ಷದ ಮೇಲೆ ಹುಚ್ಚೇಶನೇ ಗಟ್ಟಿ ಮನಸ್ಸು ಮಾಡಿ, ಆ ಪಿಕ್ಚರಿನ ನಿಜ ಹೇಳಿಬಿಡಬೇಕೆಂದು ಹೋದ. ಜಾಲರಿಯ ಆಚೆ ಸಂಜು ಸೊರಗಿ ಕಡ್ಡಿಯಾಗಿದ್ದ.

“ಅಣ್ಣಾ, ಆ ಪಿಕ್ಚರ್‌ದಾಗ ಅಂವ ಜೇಲಿಂದ ಹೊರಗ ಬಂದ ಮ್ಯಾಲ ಏನಾತು? ನೀ ಅದನ್ನ ಹೇಳಲೇ ಇಲ್ಲ.”

ಆ ಮುಖ ನೋಡಿ ನಿಜ ಹೇಳಲು ಅವನಿಂದ ಆಗಲಿಲ್ಲ.

“ಮನಿಗಿ ಬರ್ತಾನ. ಅವರಣ್ಣ ಅವನ ಮಗ್ಗ ಹಂಗ ಇಟ್ಟಿರ್ತಾನ.”

ಸಂಜು ನಕ್ಕ. ಊರಿಗೆ ಬಂದ ಹುಚ್ಚೇಶ ಅಂಗಿಯನ್ನೂ ಬಿಚ್ಚದೆ, ಸಲಿಕೆ ತೆಗೆದುಕೊಂಡು ತಮ್ಮನ ಕುಣಿಯ ಮಣ್ಣು ಎತ್ತಿಹಾಕತೊಡಗಿದ.