ಬೇಯಿಸದ ಬಾಳೆಕಾಯಿ ಪುಡಿ

ಪುಟ್ಟತ್ತೆ, ಅಕ್ಕನ ಕೂಸಿಗೆ ಭೇದಿ ಹತ್ತಿದ್ದು ನಿಮ್ಮ ಪುಡಿಯಿಂದಲ್ಲ — ನನ್ನಿಂದ. ಅದನ್ನು ಬೇಯಿಸದೆ ತಿನ್ನಿಸಿದವಳು ನಾನು. ಇಷ್ಟು ಹೇಳುವುದಕ್ಕೆ ಒಂಬತ್ತು ವರ್ಷ ಹಿಡಿಯಿತು, ಬಾಯಿಬಡುಕಿ ಅಂತಲೇ ಹೆಸರಾದ ನನಗೆ.

ಆಗ ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ಅಮ್ಮನ ಗೋಡೆಗೂಡಿನಲ್ಲಿ ಸಾಲಾಗಿದ್ದವು. ಬಾಣಂತನಕ್ಕೆ ಬಂದ ಅಕ್ಕ ಇನ್ನೂ ಕುಣಿಗಲ್ಲಿಗೆ ಹಿಂದಿರುಗಿರಲಿಲ್ಲ. ಮನೆಯಲ್ಲಿ ಕೂಸು ಹುಟ್ಟಿದರೆ ಗುಬ್ಬಿಯ ಚಿಕ್ಕಪ್ಪನ ಮನೆಯಿಂದ ನೀವು ಬರುವುದು ರೂಢಿ. ಗಂಡ, ಮಕ್ಕಳು ಇಲ್ಲದ ನಿಮ್ಮನ್ನು ಬೇರೆ ಯಾವ ಶುಭಕಾರ್ಯಕ್ಕೂ ಮುಂದೆ ಕರೆಯುತ್ತಿರಲಿಲ್ಲ. ಇದೊಂದು ಮಾತ್ರ ನೀವಿಲ್ಲದೆ ನಡೆಯುತ್ತಿರಲಿಲ್ಲ. ಬಾಳೆಕಾಯಿ, ಕ್ಯಾರೆಟ್ಟು ತೆಳ್ಳಗೆ ಹೆಚ್ಚಿ, ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ನಾಲ್ಕು ಬಿಸಿಲು ಒಣಗಿಸಿ, ಮೊಳಕೆ ರಾಗಿಯ ಜೊತೆ ಬೀಸಿ, ತೆಳುಬಟ್ಟೆಯಲ್ಲಿ ಸೋಸಿ — ಆಮೇಲೆ ಪ್ರತಿ ಸಲವೂ ಅರ್ಧ ಗಂಟೆ ಒಲೆಯ ಮುಂದೆ ಕೂತು ತಿರುವುತ್ತಿದ್ದಿರಿ.

ಅಂಗಡಿ ಡಬ್ಬದ ಪುಡಿಗೆ ಬಿಸಿನೀರು ಸಾಕು, ಇದಕ್ಕೇಕೆ ಅರ್ಧ ಗಂಟೆ? ಅದು ನನ್ನ ವಾದ. ನೀವು ನಕ್ಕಿರಿ.

"ಏನ್ಲೇ, ನಿನ್ನ ನಾಲ್ಗೆ ಒಣಗ್ಸಿ ಪುಡಿ ಮಾಡುದ್ರೆ ಊರ್ ಕೂಸ್ಗಳಿಗೆಲ್ಲ ಆಯ್ತದೆ ಕಣೇ. ಬೇಯ್ಬೇಕು ಅಂದ್ರೆ ಬೇಯ್ಬೇಕು."

ಅದೊಂದು ಕಾರಣವೇ ಅಂತ ನನಗೆ ಉರಿ. ಮಾರನೆಯ ದಿನ ನೀವೂ ಅಮ್ಮನೂ ಮಾರ್ಕೆಟ್ಟಿಗೆ ಹೋಗಿದ್ದಿರಿ, ಅಕ್ಕ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು, ಕೂಸು ಅಳುತ್ತಿತ್ತು. ಬಚ್ಚಲ ಹಂಡೆಯಿಂದ ಉಗುರುಬೆಚ್ಚಗಿನ ನೀರು ತಂದು ನಾಲ್ಕು ಚಮಚ ಪುಡಿ ಕಲಸಿದೆ. ಕೂಸು ಚಪ್ಪರಿಸಿಕೊಂಡು ತಿಂದಿತು. ಬಟ್ಟಲು ತೊಳೆದಿಟ್ಟೆ. ಗೆದ್ದೆ ಅಂದುಕೊಂಡೆ — ಗೆದ್ದೆ!

ಸಂಜೆಯ ಹೊತ್ತಿಗೆ ಕೂಸಿನ ಕಣ್ಣು ಒಳಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಏನು ಕೊಟ್ಟಿರಿ ಎಂದಾಗ ಬಾಯಿ ತೆಗೆದವಳು ನಾನೇ. "ಮನೇಲಿ ಒಣಗಿಸಿದ ಪುಡಿ ಡಾಕ್ಟ್ರೇ. ಧೂಳು, ನೊಣ..." ಒಂದು ಸುಳ್ಳೂ ಇರಲಿಲ್ಲ ಅದರಲ್ಲಿ. ಹೇಳಬೇಕಾದ್ದೂ ಇರಲಿಲ್ಲ.

ಎರಡು ದಿನಕ್ಕೆ ಕೂಸು ಚೇತರಿಸಿಕೊಂಡಿತು. ನೀವು ಚೇತರಿಸಿಕೊಳ್ಳಲಿಲ್ಲ. ಅದೇ ಡಬ್ಬದಿಂದ ಒಂದು ಬಟ್ಟಲು ಬೇಯಿಸಿಕೊಂಡು ತಿಂದಿರಿ. ಹೊಟ್ಟೆ ನೋಯುತ್ತದೇನೋ ಎಂದು ಜಗಲಿಯ ಮೇಲೆ ಸಂಜೆಯವರೆಗೆ ಕಾದಿರಿ. ನೋಯಲಿಲ್ಲ. "ನಂಗೇನೂ ಆಗ್ಲಿಲ್ವಲ್ಲೇ..." ಎಂದು ಒಳಗೆ ಬಂದು ನನ್ನ ಮುಖವನ್ನೇ ನೋಡಿದಿರಿ — ಓದಿದವಳು, ಇವಳಾದರೂ ಒಪ್ಪುತ್ತಾಳೆ ಅಂತ. ಆಗ ಹೇಳಬಹುದಿತ್ತು.

"ಅದು ಪುರಾವೆ ಅಲ್ಲ ಅತ್ತೆ. ದೊಡ್ಡವರ ಹೊಟ್ಟೆ ಬೇರೆ, ಕೂಸಿನ ಹೊಟ್ಟೆ ಬೇರೆ."

ಎಷ್ಟು ಸರಿಯಾದ ವಾದ! ನೀವು ಡಬ್ಬ ತಂದು ಹಿತ್ತಲಲ್ಲಿ ಸುರಿದಿರಿ. ಬೆಳಿಗ್ಗೆ ಗುಬ್ಬಿಯ ಬಸ್ಸು ಹತ್ತಿದಿರಿ. ಆಮೇಲೆ ನಮ್ಮವರಲ್ಲಿ ಯಾವ ಕೂಸಿಗೂ ಯಾರೂ ನಿಮ್ಮನ್ನು ಕರೆಯಲಿಲ್ಲ.

ಹೇಳಿದ್ದರೆ ಏನಾಗುತ್ತಿತ್ತು — ಅಪ್ಪ ಬೈಯುತ್ತಿದ್ದರು, ಅಕ್ಕ ನಾಲ್ಕು ದಿನ ಮಾತು ಬಿಡುತ್ತಿದ್ದಳು. ಅಷ್ಟೇ. ಅಷ್ಟಕ್ಕೆ ಹೆದರಿ...

ಈಗ ನನ್ನ ಕೂಸಿಗೇ ಐದು ತಿಂಗಳು. ಹೋದ ತಿಂಗಳು ಗುಬ್ಬಿಗೆ ಎತ್ತಿಕೊಂಡು ಬಂದು ನಿಮ್ಮ ಮಡಿಲಿಗೆ ಚಾಚಿದಾಗ ನೀವು ಕೈ ಹಿಂದಕ್ಕೆಳೆದುಕೊಂಡಿರಿ. "ನನ್ ಕೈ ಬ್ಯಾಡ ಬುಡವ್ವ. ಕೂಸ್ಗಳಿಗೆ ಆಗಲ್ಲ." ಬೇರೆಯವರು ನಂಬಿದ್ದರೆ ತಿದ್ದಬಹುದಿತ್ತು, ನೀವೇ ನಂಬಿಬಿಟ್ಟಿದ್ದೀರಿ. ಅವತ್ತು ಬಸ್ಸಿನಲ್ಲಿ ಬರುವಾಗ ನನಗೆ ಸುಸ್ತು. ಕೂಸನ್ನು ಎತ್ತಿಕೊಂಡಿದ್ದಕ್ಕಲ್ಲ.

ನಿಮಗೆ ಓದಲು ಬಾರದು. ಆದರೂ ಬರೆದಿದ್ದೇನೆ, ಏಕೆಂದರೆ ಬರಿಬಾಯಲ್ಲಿ ಹೇಳಲು ಕೂತರೆ ಈ ನಾಲಗೆ ಎಲ್ಲಾದರೂ ಒಂದು 'ಆದರೆ' ಹುಡುಕಿಕೊಳ್ಳುತ್ತದೆ. ಭಾನುವಾರ ಕುಣಿಗಲ್ಲಿನಿಂದ ಅಕ್ಕ ಮಗನನ್ನು ಕರೆದುಕೊಂಡು ಗುಬ್ಬಿಗೆ ಬರುತ್ತಾಳೆ. ಅವಳಿಗೂ ಗೊತ್ತಿಲ್ಲ. ನಾನೂ ಬಂದು, ನಿಮ್ಮಿಬ್ಬರನ್ನೂ ಕೂರಿಸಿಕೊಂಡು, ಬರೆದದ್ದನ್ನು ಬರೆದ ಹಾಗೇ ಓದುತ್ತೇನೆ. ನೀವು ಏನಂದರೂ ಎದುರುತ್ತರ ಕೊಡುವುದಿಲ್ಲ. ನನ್ನ ಕೂಸಿಗೆ ಪುಡಿ ಮಾಡಿಕೊಡಿ ಅಂತಲೂ ಕೇಳುವುದಿಲ್ಲ.

ಜಗಲಿಯ ಮೇಲೆ ಕೂತು ನೀವು ಕಾದ ಆ ಹೊಟ್ಟೆನೋವು ಬರಲಾರದೆಂದು ನನಗೆ ಆಗಲೇ ಗೊತ್ತಿತ್ತು — ಆ ಸಾಲನ್ನು ಮಾತ್ರ ಎರಡು ಸಲ ಓದುತ್ತೇನೆ.