ಹೊಗೆಗೆ ದಾರಿ ಮಾಡುವ ಪೈಪಕ್ಕ
ಕಾರಿನ ಎಂಜಿನ್ನಿಗೆ ಹೊಗೆ ಹೊರಹಾಕುವ ಹೆಡರ್ ಪೈಪುಗಳನ್ನು ಬಾಗಿಸಿ ಬೆಸೆಯುವ ಅವಳನ್ನು ಗ್ಯಾರೇಜಿನವರೆಲ್ಲ ಕರೆಯುವುದೇ ಪೈಪಕ್ಕ ಎಂದು. "ಎಲ್ಲಾ ಸಿಲಿಂಡರಿನ ಹೊಗೆ ಒಂದೇ ಬಾಗಿಲಲ್ಲಿ ನುಗ್ಗಿದ್ರೆ ತಳ್ಳಾಟ ಆಗುತ್ತೆ. ಒಂದೊಂದಕ್ಕೂ ಅದರದೇ ಪೈಪು ಕೊಟ್ಟು ಮುಂದೆ ಸೇರಿಸಿ, ಎಂಜಿನ್ನು ಹೇಗೆ ನಿರಾಳವಾಗಿ ಉಸಿರಾಡುತ್ತೆ ನೋಡಿ!" ಎಂದು ಬಂದವರಿಗೆಲ್ಲ ಪಾಠ ಹೇಳುತ್ತಾಳೆ, ಹಾಲಿನವನೂ ತಪ್ಪಿಸಿಕೊಂಡಿಲ್ಲ. ಊಟದ ನಡುವೆ ಬೀದಿಯಲ್ಲೊಂದು ಕಾರು ಹಾದರೆ, "ಪಾಪ, ಗಂಟಲು ಕಟ್ಟಿದೆ" ಎಂದು ತುತ್ತು ಕೈಯಲ್ಲಿ ಹಿಡಿದೇ ಮರುಗುತ್ತಾಳೆ. ಅವಳೇ ಪೈಪು ಹಾಕಿದ ಕಾರನ್ನು ರೇಸಿನಲ್ಲಿ ಓಡಿಸುವುದು ಅವಳ ಮಗಳು. ಆದರೆ ಒಂದು ರೇಸನ್ನೂ ಪೈಪಕ್ಕ ಕಣ್ಣಾರೆ ಕಂಡವಳಲ್ಲ. ಎದೆ ತಡೆಯದೆ ಟ್ರ್ಯಾಕಿನ ಬೇಲಿಗೆ ಬೆನ್ನು ಹಾಕಿ ನಿಲ್ಲುತ್ತಾಳೆ. ಮೊನ್ನೆ ಗೆದ್ದ ಮಗಳು ಕಪ್ ಹಿಡಿದು ಓಡಿಬಂದು, "ಅಮ್ಮಾ, ಈ ಸಲನಾದ್ರೂ ನೋಡಿದ್ಯಾ?" ಎಂದಳು. "ನೋಡೋದೇನು ಬಂತು? ಅಷ್ಟು ಗದ್ದಲದಲ್ಲೂ ನಿನ್ನ ಕಾರಿನ ಸದ್ದನ್ನ ಒಂದು ಕ್ಷಣಾನೂ ಕೈಬಿಡಲಿಲ್ಲ ಕಣೇ," ಎಂದಳು ಪೈಪಕ್ಕ.