ಪುಟ್ಟತಾಯಮ್ಮನ ಪಿಜ್ಜಾ ಹೆಪ್ಪು

ಹೊಟ್ಟೆಕಿಚ್ಚು ಶುರುವಾದದ್ದು ಹೋದ ವರ್ಷದ ಮಾಗಿಯಲ್ಲಿ, ಕೋಳಿ ಕೂಗುವ ಹೊತ್ತಿಗೆ. ಆ ಚಳಿಯಲ್ಲಿ ಪುಟ್ಟತಾಯಮ್ಮ ಹಿತ್ತಿಲಿಗೆ ಬಂದು ಎರಡು ಪಾತ್ರೆಗಳ ಮೇಲಿನ ಒದ್ದೆ ಬಟ್ಟೆ ಸರಿಸಿ ನೋಡಿದರು. ಒಂದರಲ್ಲಿ ತಾವು ನಾದಿಟ್ಟ ಹಿಟ್ಟು, ಇನ್ನೊಂದರಲ್ಲಿ ಪಕ್ಕದ ಮನೆಯ ಹುಡುಗಿ ಮೇಘನ ನಾದಿಟ್ಟ ಹಿಟ್ಟು. ಮೈದಾ ಒಂದೇ ಚೀಲದ್ದು, ನೀರು ಒಂದೇ ನಲ್ಲಿಯದು, ಹೆಪ್ಪು ಒಂದೇ ಕುಡಿಕೆಯದು. ಮೇಘನಳ ಹಿಟ್ಟು ಉಬ್ಬಿ ಪಾತ್ರೆಯ ಬಾಯಿಗೆ ಬಂದು ಕೂತಿತ್ತು. ಪುಟ್ಟತಾಯಮ್ಮನದು ಇಟ್ಟ ಹಾಗೇ ಇತ್ತು.

‘ಅವತ್ತಿಂದ ಒಳಗೊಂದು ಕೆಂಡ ಅಂಗೇ ಕೂತದೆ ಕಣಣ್ಣ. ಯಾರ್ತಾವೂ ಹೇಳಿಲ್ಲ, ನಿನ್ತಾವ ಹೇಳ್ತಾ ಇವ್ನಿ’ ಎನ್ನುತ್ತಾರೆ ಅವರು ನನಗೆ. ಹಾಗೆನ್ನುವಾಗ ಕೈ ನಿಲ್ಲುವುದಿಲ್ಲ. ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟು ಬೆರಳ ತುದಿಯಿಂದ ಒತ್ತಿ ಒತ್ತಿ ಅಗಲ ಮಾಡುತ್ತಿರುತ್ತಾರೆ.

ಈಗ ಮತ್ತೆ ಮಾಗಿ ಬಂದಿದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ, ನಿಮಿಷಾಂಬ ಗುಡಿಗೆ ಹೋಗುವ ದಾರಿಯಿಂದ ಒಂದು ಓಣಿ ಒಳಕ್ಕೆ ತಿರುಗಿದರೆ ಸಿಗುವ ಹೆಂಚಿನ ಮನೆ. ಶುಕ್ರವಾರದ ಬೆಳಗಿನ ಜಾವ. ಹಿತ್ತಿಲಲ್ಲಿ ಹುತ್ತದ ಮಣ್ಣಿನಿಂದ ಕಟ್ಟಿದ, ಗುಬ್ಬಚ್ಚಿ ಗೂಡಿನ ಆಕಾರದ ಒಲೆ ಉರಿಯುತ್ತಿದೆ. ಗಂಡ ಮರಿಯಯ್ಯ ತೆಂಗಿನ ಮಟ್ಟೆ, ಕರಟ ಒಳಕ್ಕೆ ತಳ್ಳುತ್ತಿದ್ದಾರೆ. ಉರಿ ಸಾಕೆನಿಸಿದಾಗ ಕೆಂಡವನ್ನು ಪಕ್ಕಕ್ಕೆ ದಬ್ಬಿ, ಒದ್ದೆ ಗೋಣಿಯಿಂದ ಒಲೆಯ ನೆಲ ಒರೆಸುತ್ತಾರೆ. ಪುಟ್ಟತಾಯಮ್ಮ ಹಲಗೆಗೆ ರಾಗಿಹಿಟ್ಟು ಉದುರಿಸಿ, ಅದರ ಮೇಲಿನ ಪಿಜ್ಜಾವನ್ನು ಒಂದೇ ಜಾರಿಗೆ ಒಳಗೆ ಬಿಡುತ್ತಾರೆ. ನಾಟಿ ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಬೇಯಿಸಿದ ಗೊಜ್ಜು ಕೊತಗುಟ್ಟಿ, ಮೇಲಿನ ದೊಡ್ಡಪತ್ರೆ ಎಲೆ ಬಾಡಿ, ಅಂಚು ಅಲ್ಲಲ್ಲಿ ಕಪ್ಪಾಗುವಷ್ಟರಲ್ಲಿ ಆಚೆ ಎಳೆಯುತ್ತಾರೆ.

ಗುಡಿಗೆ ಬಂದವರು ಶನಿವಾರ, ಭಾನುವಾರ ಮನೆ ಹುಡುಕಿಕೊಂಡು ಬರುತ್ತಾರೆ. ಬೇರೆ ದಿನಗಳಲ್ಲಿ ಊರಿನವರದೇ, ಮಕ್ಕಳ ಹುಟ್ಟುಹಬ್ಬಕ್ಕೆ ಹೇಳಿ ಮಾಡಿಸುವುದು. ವಾರಕ್ಕೆ ಐವತ್ತು ದಾಟಿದರೆ ಸೊಂಟ ಹೇಳಿದ ಮಾತು ಕೇಳುವುದಿಲ್ಲ. ಮನೆಗೆ ಬೋರ್ಡಿಲ್ಲ. ‘ಹೊಗೆ ಕಂಡಲ್ಲಿ ತಿರುಗಿ’ ಎಂದು ಹೂವು ಮಾರುವವರೇ ದಾರಿ ಹೇಳುತ್ತಾರೆ.

ಪುಟ್ಟತಾಯಮ್ಮ ಇದನ್ನು ಕಲಿತದ್ದು ನದಿಯಂಚಿನ ಒಂದು ಹೋಂಸ್ಟೇಯಲ್ಲಿ ಪಾತ್ರೆ ತೊಳೆಯುತ್ತಾ. ಅಲ್ಲಿನ ಅಡಿಗೆಯವನು ಏನನ್ನೂ ಹೇಳಿಕೊಡುವವನಲ್ಲ. ಇವರು ನೋಡುತ್ತಿದ್ದರು. ಹೋಂಸ್ಟೇ ಮುಚ್ಚಿದ ಮೇಲೆ ಸುಮ್ಮನೆ ಕೂರಲಾರದೆ ಬಚ್ಚಲೊಲೆ ಒಡೆದು ಆ ಜಾಗದಲ್ಲಿ ಈ ಒಲೆ ಕಟ್ಟಿಸಿದರು. ಅವರ ಮದುವೆಯಲ್ಲಿ ನಾನು ಪಂಕ್ತಿಗೆ ನೀರು ಬಡಿಸಿದವನು. ಆಗಿನಿಂದ ನೋಡುತ್ತಿದ್ದೇನೆ, ಹಟ ಹಿಡಿದರೆ ಬಿಡುವ ಜೀವ ಅದಲ್ಲ.

ಆದರೂ ಮೊದಲ ಎರಡು ತಿಂಗಳು ಪಿಜ್ಜಾ ಏಳಲೇ ಇಲ್ಲ. ಅಕ್ಕಿರೊಟ್ಟಿಗೆ ನೀರು ಕಾಯಿಸಿ ಹಿಟ್ಟು ಕಲಸಿದ ಕೈ ಅದು. ಮೈದಾಕ್ಕೂ ಅದೇ ಸುಡುನೀರು ಸುರಿದಿತ್ತು. ಹೆಪ್ಪು ಅದರಲ್ಲಿ ಬೆಂದೇ ಹೋಗುತ್ತಿತ್ತು.

‘ನಾಯಿಗೆ ಹಾಕ್ದೆ. ಅದು ಮೂಸಿ ನೋಡಿ ನನ್ನ ಮಖ ನೋಡ್ತು’ ಎನ್ನುತ್ತಾರೆ ಮರಿಯಯ್ಯ.

‘ನೀನು ತಿಂದ್ಯಲ್ಲ.’

‘ನಾಯಿ ಬ್ಯಾಡ ಅಂದ್ರೂ ಬಯ್ಸ್ಕಳಾಕಿಲ್ಲ. ನಂಗೆ ಅಂಗಾಯ್ತದಾ?’

ಸುಡುನೀರು ಬೇಡ ಎಂದವಳು ಮೇಘನ. ಬಸ್ ಕಂಡಕ್ಟರ್ ಶಿವಶಂಕರ್‌ನ ಹೆಂಡತಿ, ಕೆ.ಆರ್. ಪೇಟೆ ಕಡೆಯ ಹುಡುಗಿ. ಪಕ್ಕದ ಮನೆಗೆ ಬಾಡಿಗೆಗೆ ಬಂದ ಹೊಸದರಲ್ಲಿ ಕಾಂಪೌಂಡಿನ ಮೇಲಿಂದ ಇಣುಕಿ, ‘ದೊಡ್ಡವ್ವ, ಮೊಸರಿಗೆ ಹೆಪ್ಪು ಹಾಕೋವಾಗ ಹಾಲು ಕುದೀತಾ ಇರ್ತದಾ?’ ಎಂದು ಕೇಳಿದಳಂತೆ, ಅಷ್ಟೇ. ಅವತ್ತಿನ ಹಿಟ್ಟು ಎದ್ದಿತು. ಅವತ್ತಿನಿಂದ ಅವಳೂ ಕೈ ಹಾಕತೊಡಗಿದಳು. ಹಸುವಿನ ಹಸಿ ಹಾಲನ್ನು ಕುದಿಯಲು ಬಿಡದೆ ಬೆಚ್ಚಗೆ ಮಾಡಿ, ನಿಂಬೆಹುಳಿಯಲ್ಲಿ ಒಡೆಸಿ, ಗಟ್ಟಿಯನ್ನು ಬಿಸಿನೀರಲ್ಲಿ ಅದ್ದಿ ಎಳೆದರೆ ನೂಲಿನ ಹಾಗೆ ಬರುತ್ತದಲ್ಲ, ಆ ಚೀಸು ಎಳೆಯುವುದರಲ್ಲೂ ಅವಳ ಕೈ ಮೇಲಾಯಿತು.

ಹೆಪ್ಪು ಮಾತ್ರ ಪೂರಾ ಪುಟ್ಟತಾಯಮ್ಮನದು. ರಾಗಿ ಅಂಬಲಿಯ ಹುಳಿನೀರಿಗೆ ಮೈದಾ ಕಲಸಿ ದಿನಗಟ್ಟಲೆ ಕಾದು ಎಬ್ಬಿಸಿದ್ದು. ಪ್ರತಿ ಸಲವೂ ಒಂದು ಹಿಡಿ ಉಳಿಸಿ, ಅದಕ್ಕೆ ಹೊಸ ಹಿಟ್ಟು ನೀರು ಕೊಟ್ಟು, ಮಣ್ಣಿನ ಕುಡಿಕೆಯಲ್ಲಿ ನೆಲುವಿಗೆ ತೂಗುಬಿಡುತ್ತಾರೆ. ಜ್ವರ ಬಂದ ದಿನವೂ ಎದ್ದು ಅದಕ್ಕೆ ಹಿಟ್ಟು ಹಾಕಿಯೇ ಮಲಗಿದ್ದಾರೆ.

ಆ ಮಾಗಿಯ ಬೆಳಗಾದ ಮೇಲೆ ಬರುವವರ ಮಾತು ಬದಲಾಯಿತು. ‘ಆ ಹುಡ್ಗಿ ಕಲ್ಸಿದ್ದಿದ್ರೆ ಕೊಡಮ್ಮಿ’ ಎಂದು ಗುಡಿಯ ಹತ್ತಿರದ ಕಾಯಿ ಅಂಗಡಿಯ ಕುಳ್ಳಯ್ಯ ಒಂದು ಸಲ ಬಾಯಿಬಿಟ್ಟೇ ಕೇಳಿದರು. ಕೈಗುಣ ಎನ್ನುವುದು ನಮ್ಮ ಕಡೆ ದೊಡ್ಡ ಮಾತು. ಸಸಿ ನೆಡುವುದಕ್ಕೂ, ಹಸು ಕರೆಯುವುದಕ್ಕೂ, ಉಪ್ಪಿನಕಾಯಿ ಹಾಕುವುದಕ್ಕೂ ಕೈಗುಣ ನೋಡುತ್ತೇವೆ. ಅದು ಕಲಿತು ಬರುವುದಾಗಿದ್ದರೆ ಪುಟ್ಟತಾಯಮ್ಮ ಕಲಿತುಬಿಡುತ್ತಿದ್ದರು.

‘ಒಲೆ ನಂದು, ಹೊಗೆ ಕುಡ್ದ ಕಣ್ಣು ನಂದು. ಹೆಸ್ರು ಮಾತ್ರ ಅವಳ್ದು’ ಎನ್ನುತ್ತಾರೆ, ಧ್ವನಿ ಏರಿಸದೆ.

ಈ ತಿಂಗಳು ಶಿವಶಂಕರ್‌ಗೆ ನಾಗಮಂಗಲಕ್ಕೆ ವರ್ಗವಾಗಿದೆ. ಬಸ್ ಸ್ಟಾಂಡಿನ ಹತ್ತಿರ ಮನೆ ಸಿಕ್ಕಿದೆ, ಹಿಂದೆ ಒಲೆ ಕಟ್ಟಲು ಜಾಗವೂ ಇದೆ. ಅಲ್ಲಿ ತಾನೇ ಪಿಜ್ಜಾ ಮಾಡಬೇಕೆಂದು ಮೇಘನ ಮನಸ್ಸು ಮಾಡಿದ್ದಾಳೆ. ಈ ಶುಕ್ರವಾರ, ನಾನು ಅಲ್ಲಿದ್ದಾಗಲೇ, ಕಾಂಪೌಂಡಿನ ಹತ್ತಿರ ನಿಂತು ಕೇಳಿದಳು: ‘ದೊಡ್ಡವ್ವ, ಒಂದು ಹಿಡಿ ಹೆಪ್ಪು ಕೊಡ್ತೀರಾ?’

ಪುಟ್ಟತಾಯಮ್ಮ ತಲೆ ಎತ್ತಲಿಲ್ಲ. ‘ಶುಕ್ರವಾರ ಹೆಪ್ಪು ಆಚೆ ಹೋಗಬಾರ್ದು ಕಣವ್ವ.’

ಅದು ನಿಜವೇ. ಶುಕ್ರವಾರ ನಮ್ಮ ಮನೆಗಳಲ್ಲಿ ಮೊಸರಿನ ಹೆಪ್ಪು ಕೊಡುವುದಿಲ್ಲ, ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು. ಶನಿವಾರ ಕೇಳಿದಳು. ‘ಶನಿವಾರ ಕೊಟ್ರೆ ನಿಂಗೇ ಒಳ್ಳೇದಲ್ಲ’ ಎಂದರು. ಭಾನುವಾರ ಗಿರಾಕಿಗಳ ಗಲಾಟೆ. ಸೋಮವಾರ ‘ದೀಪ ಹಚ್ಚಾಯ್ತು, ನಾಳೆ ನೋಡುಮ’. ಮಂಗಳವಾರವಂತೂ ಮಂಗಳವಾರವೇ.

‘ಏನಮ್ಮಿ, ವಾರದಲ್ಲಿ ಏಳು ದಿನವೂ ಕೆಟ್ಟವೇಯಾ ನಿಂಗೆ?’ ಎಂದರು ಮರಿಯಯ್ಯ. ‘ಎಂಟನೇದೊಂದ ಬ್ರಹ್ಮನ್ತಾವ ಮಾಡಿಸ್ಕೊಂಡು ಬರ್ಲಾ?’

‘ನೀ ಮಟ್ಟೆ ತಳ್ಳು.’

ಮರಿಯಯ್ಯ ಒಳಗೆ ಹೋದ ಮೇಲೆ ಪುಟ್ಟತಾಯಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: ‘ಕೊಟ್ಬುಟ್ರೆ ನಂದು ಅನ್ನಕ್ಕೆ ಇನ್ನೇನು ಉಳೀತದೆ, ಹೇಳು ಮತ್ತೆ.’ ನಾನು ಒಂದು ಮಟ್ಟೆ ಒಲೆಗೆ ತಳ್ಳಿ ಎದ್ದು ಬಂದೆ.

ಬುಧವಾರ ಬಿಸಿಲೇರುವ ಮೊದಲೇ ನಾನು ಮತ್ತೆ ಬಂದಾಗ ಪಕ್ಕದ ಮನೆಯ ಮುಂದೆ ಟೆಂಪೋ ನಿಂತಿದೆ. ಮಂಚ, ಬೀರು, ಸಿಲಿಂಡರ್ ಎಲ್ಲ ಏರಿವೆ. ಮೇಘನ ಹಿತ್ತಿಲಿಗೆ ಬಂದು ಇಬ್ಬರ ಕಾಲಿಗೂ ನಮಸ್ಕಾರ ಮಾಡುತ್ತಾಳೆ. ಹೆಪ್ಪಿನ ಮಾತೆತ್ತುವುದಿಲ್ಲ. ಅವಳ ಕಂಕುಳ ಚೀಲದಲ್ಲಿ ಬಟ್ಟೆ ಸುತ್ತಿದ ಒಂದು ಗಾಜಿನ ಬಾಟಲಿ. ಪುಟ್ಟತಾಯಮ್ಮನ ಕಣ್ಣು ಅಲ್ಲಿಗೇ ಹೋಗುತ್ತದೆ.

‘ಏನದು?’

‘ನಾನೇ ಹಾಕ್ಕೊಂಡೆ ದೊಡ್ಡವ್ವ. ಅಂಬ್ಲಿ ನೀರಲ್ಲಿ. ನೀವು ಮಾಡಿದ್ದಂಗೇ.’

‘ಯಾವತ್ತು ಹಾಕ್ದೆ?’

‘ಶನಿವಾರ. ನೀವು ಕೊಡಾಕಿಲ್ಲ ಅಂತ ಗೊತ್ತಾಯ್ತು.’

ಪುಟ್ಟತಾಯಮ್ಮ ಬಾಟಲಿ ಈಸಿಕೊಂಡು ಮುಚ್ಚಳ ತೆಗೆದು ಮೂಸುತ್ತಾರೆ. ಬೆರಳಿಗೆ ಹಚ್ಚಿ ನಾಲಿಗೆಗೆ ಇಡುತ್ತಾರೆ. ಮುಖ ಬಿಗಿಯುತ್ತದೆ. ಗುಳ್ಳೆಯೇನೋ ಎದ್ದಿದೆ. ಟೆಂಪೋದವನು ಹಾರನ್ ಹೊಡೆಯುತ್ತಾನೆ.

‘ಎಳಸು. ಮೈದಾ ತಿಂದ್ಕಂಡು ಸುಮ್ನೆ ಕೂತ್ಕತದೆ ಇದು. ರೊಟ್ಟಿ ಎತ್ತಬೇಕಾದ್ರೆ ಇನ್ನೂ ತಿಂಗಳು ಸಾಕಬೇಕು. ಅಲ್ಲೀಗಂಟ ನಾಗಮಂಗ್ಲದೋರಿಗೆ ಕಲ್ಲು ತಿನ್ನಿಸ್ತೀಯಾ? ನಾ ತಿನ್ನಿಸ್ದಂಗೆ?’

ಪುಟ್ಟತಾಯಮ್ಮ ಒಳಗೆ ಹೋಗಿ ನೆಲುವಿನಿಂದ ಕುಡಿಕೆ ಇಳಿಸಿಕೊಂಡು ಬರುತ್ತಾರೆ. ಬಾಟಲಿಯಲ್ಲಿದ್ದ ಎಳಸು ಹೆಪ್ಪನ್ನು ಹಸುವಿನ ಕಲಗಚ್ಚಿಗೆ ಸುರಿಯುತ್ತಾರೆ. ಕುಡಿಕೆಗೆ ಕೈ ಹಾಕಿ ತೆಗೆದು ಬಾಟಲಿಗೆ ತುಂಬುತ್ತಾರೆ, ತಳದಲ್ಲಿ ತಮಗೆ ಒಂದು ಚಿಟಿಕೆಯಷ್ಟು ಉಳಿಸಿಕೊಂಡು.

‘ನಿನ್ನ ಕೈಗೆ ಇದು ನಂಗಿಂತ ಚೆಂದಾಗಿ ಏಳ್ತದೆ. ನೋಡಿದ್ರೆ ಹೊಟ್ಟೆ ಉರೀತದೆ ಕಣವ್ವ. ತಕೊಂಡೋಗು.’

‘ಉರೀಲಿ ಬುಡಿ ದೊಡ್ಡವ್ವ. ಒಲೆಗೆ ಸೌದೆ ಉಳೀತದೆ.’

ಪುಟ್ಟತಾಯಮ್ಮನಿಗೆ ನಗು ತಡೆಯಲಾಗುವುದಿಲ್ಲ. ಹೆಪ್ಪು ಮೆತ್ತಿದ ಕೈಯಲ್ಲೇ ಹುಡುಗಿಯ ಕೆನ್ನೆಗೊಂದು ತಿವಿಯುತ್ತಾರೆ. ಬಿಳಿ ಗುರುತು ಕೂರುತ್ತದೆ.

ಟೆಂಪೋ ಓಣಿ ದಾಟಿದ ಮೇಲೆ ಅವರು ಕುಡಿಕೆಯ ತಳದ ಚಿಟಿಕೆಗೆ ಹಿಟ್ಟು, ನೀರು ಕೊಟ್ಟು ಕಲಸುತ್ತಾ ಹೇಳುತ್ತಾರೆ: ‘ನಾಗಮಂಗ್ಲದಲ್ಲಿ ತಿಂದೋರು ಮೇಘನ ಮಾಡಿದ್ದು ಅಂತಾರೆ. ಅನ್ಲಿ. ನಂಗೆ ಇವತ್ತೂ ತಡ್ಕೊಳಾಕೆ ಆಗಾಕಿಲ್ಲ, ಸುಳ್ಯಾಕೆ. ಆದ್ರೆ ಅಲ್ಲಿ ರೊಟ್ಟಿ ಎದ್ದಾಗೆಲ್ಲ, ಏಳೋದು ನಂದೇಯ ಕಣಣ್ಣ.’

ಮೇಘನ ಗಂಜಾಂ ಬಿಟ್ಟು ಹೋದದ್ದು ಹೀಗೆ, ಬುಧವಾರ, ಕೆನ್ನೆ ಒರೆಸಿಕೊಳ್ಳದೆ.